ತಾರಸಿ ಮೇಲಿನ ಮಾಪಕಕ್ಕೆ ಗಾಳಿಮಳೆ ಯಾಕೆ ಕಡಿಮೆ ಸಿಗುತ್ತದೆ?

ಪ್ರಶ್ನೆ: ಮೂಡಿಗೆರೆ ತಾಲ್ಲೂಕು ಕೊಟ್ಟಿಗೆಹಾರದ ಕಡೆ ನಮ್ಮ ಕಾಫಿ ತೋಟ. ತಂದೆಯವರ ಕಾಲದ 5 ಇಂಚಿನ ತಾಮ್ರದ ರೈನ್ ಗೇಜ್ ಕಣದ ಪಕ್ಕದ ಹುಲ್ಲಿನಲ್ಲಿದೆ. ದಿನಾ ಬೆಳಿಗ್ಗೆ ಅಳೆದು ಇಂಚು, ಸೆಂಟಿನಲ್ಲಿ ಬರೆದಿಡುತ್ತೇವೆ. ಎರಡು ವರ್ಷದ ಹಿಂದೆ ಮನೆಯ ತಾರಸಿ ಮೇಲೆ 8 ಅಡಿ ಪೈಪಿಗೆ ವೆದರ್ ಸ್ಟೇಷನ್ ಹಾಕಿಸಿದೆವು. ಗಾಳಿ, ಮಳೆ, ತಾಪ, ತೇವ ಎಲ್ಲ ಸೆನ್ಸರೂ ಒಂದೇ ತಲೆಯಲ್ಲಿವೆ. ಏಪ್ರಿಲ್‌ನ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ದಿನ ಗೇಜಿನಲ್ಲಿ 1 ಇಂಚು 12 ಸೆಂಟು, ಸ್ಟೇಷನ್ನಿನಲ್ಲಿ 27.6 ಮಿ.ಮೀ. ಬಂತು. ಜುಲೈ ಗಾಳಿಮಳೆಯ ಒಂದು ದಿನ ಗೇಜಿನಲ್ಲಿ 4 ಇಂಚು 10 ಸೆಂಟು, ಸ್ಟೇಷನ್ನಿನಲ್ಲಿ ಬರೀ 86 ಮಿ.ಮೀ. ಯಾವುದನ್ನು ನಂಬುವುದು? ಸ್ಟೇಷನ್ನಿನ ಲೆಕ್ಕವನ್ನು 1.2ರಿಂದ ಗುಣಿಸಿಕೊಂಡರೆ ಸಾಕೇ?

ಉತ್ತರ: ಹಳೇ ಗೇಜನ್ನೇ ನಂಬಿ. ಗುಣಿಸಬೇಡಿ. ಮಳೆ ಅಳೆಯುವ ಬಕೆಟ್ಟನ್ನು ತಾರಸಿಯಿಂದ ನೆಲಕ್ಕೆ ಇಳಿಸಿ, ಗಾಳಿ ಅಳೆಯುವುದು ಮೇಲೆಯೇ ಇರಲಿ. ಬಕೆಟ್ ಅಂದರೆ ಸ್ಟೇಷನ್ನಿನ ಮಳೆ ಹಿಡಿಯುವ ಡಬ್ಬಿ. ಅದರೊಳಗಿನ ಜೋಡಿ ಚಮಚ ತುಂಬಿದಾಗೆಲ್ಲ ಮಗುಚುತ್ತದೆ, ಯಂತ್ರ ಆ ಮಗುಚುಗಳನ್ನು ಎಣಿಸಿ ಮಳೆ ಲೆಕ್ಕ ಹಾಕುತ್ತದೆ.

ಇಷ್ಟು ಖಡಾಖಂಡಿತವಾಗಿ ಹೇಳಲು ನೀವು ಕೊಟ್ಟ ಎರಡು ದಿನದ ಲೆಕ್ಕವೇ ಸಾಕು. 100 ಸೆಂಟಿಗೆ ಒಂದು ಇಂಚು, ಇಂಚಿಗೆ 25.4 ಮಿ.ಮೀ. ಏಪ್ರಿಲ್‌ನ 1 ಇಂಚು 12 ಸೆಂಟು ಅಂದರೆ 28.4 ಮಿ.ಮೀ. ಸ್ಟೇಷನ್ ತೋರಿಸಿದ್ದು ನೂರಕ್ಕೆ ಮೂರರಷ್ಟು ಕಡಿಮೆ. ಮನೆ ಬಳಕೆಯ ಯಾವ ಯಂತ್ರಕ್ಕೂ ಅದು ಮಾಮೂಲು ವ್ಯತ್ಯಾಸ. ಜುಲೈನ 4 ಇಂಚು 10 ಸೆಂಟು ಅಂದರೆ 104.1 ಮಿ.ಮೀ. ಅವತ್ತಿನ ಕೊರತೆ ನೂರಕ್ಕೆ ಹದಿನೇಳು. ಯಂತ್ರದೊಳಗಿನ ಬಕೆಟ್ಟಿನ ಅಳತೆಯೇ ತಪ್ಪಿದ್ದರೆ ಎರಡೂ ದಿನ ಒಂದೇ ಪ್ರಮಾಣದಲ್ಲಿ ತಪ್ಪಬೇಕಿತ್ತು. ಮಳೆ ಬಿರುಸಾದಾಗ ಈ ಯಂತ್ರಗಳು ಸ್ವಲ್ಪ ನೀರು ತಪ್ಪಿಸಿಕೊಳ್ಳುತ್ತವೆ ನಿಜ, ಆದರೆ ಏಪ್ರಿಲ್‌ನ ಗುಡುಗುಮಳೆ ಸಾಮಾನ್ಯವಾಗಿ ಜುಲೈನ ಜಡಿಮಳೆಗಿಂತ ಬಿರುಸು. ಕೊರತೆ ಅವತ್ತೇ ಹೆಚ್ಚಿರಬೇಕಿತ್ತು, ಇಲ್ಲಿ ತಿರುಗುಮುರುಗಾಗಿದೆ. ಉಳಿಯುವುದು ಗಾಳಿ.

ಆದರೂ ಎರಡೇ ದಿನದ ಲೆಕ್ಕ ನೆಚ್ಚಿಕೊಂಡು ಕಂಬ ಕೀಳುವ ಮೊದಲು ಗೇಜಿನ ಕಡೆಯ ಮೂರು ಸಂಗತಿ ಖಾತ್ರಿ ಮಾಡಿಕೊಳ್ಳಿ.

ಮೊದಲನೆಯದು ಹೊತ್ತು. ಭಾರತೀಯ ಹವಾಮಾನ ಇಲಾಖೆಯ ಮಳೆ ದಿನ ಬೆಳಿಗ್ಗೆ 8:30ರಿಂದ ಮರುದಿನ ಬೆಳಿಗ್ಗೆ 8:30ರವರೆಗೆ. ಸ್ಟೇಷನ್ನಿನ ಪರದೆ ಮಾತ್ರ ಮಧ್ಯರಾತ್ರಿ ಹನ್ನೆರಡಕ್ಕೆ ಸೊನ್ನೆಗೆ ಬರುತ್ತದೆ. ರಾತ್ರಿಯಿಡೀ ಸುರಿದ ದಿನ ಇವೆರಡನ್ನು ಪಕ್ಕಪಕ್ಕ ಇಟ್ಟರೆ ಅಜಗಜಾಂತರ ಕಾಣುವುದು ಸಹಜ. ಸೆಟ್ಟಿಂಗಿನಲ್ಲಿ ಮಳೆ ದಿನದ ಆರಂಭವನ್ನು ಬದಲಿಸುವ ಅವಕಾಶವಿದ್ದರೆ ಗೇಜ್ ಅಳೆಯುವ ಹೊತ್ತಿಗೇ ಹೊಂದಿಸಿ. ಇಲ್ಲದಿದ್ದರೆ ಐದು ನಿಮಿಷಕ್ಕೊಮ್ಮೆ ದಾಖಲಾಗುವ ಪಟ್ಟಿಯನ್ನು ಇಳಿಸಿಕೊಂಡು 8:30ರಿಂದ 8:30ಕ್ಕೆ ಕೂಡಿ. ಗೇಜಿಗೂ ಸ್ಟೇಷನ್ನಿಗೂ ತಾಳೆಯಾಗುತ್ತಿಲ್ಲ ಎಂಬ ದೂರುಗಳಲ್ಲಿ ಇಲ್ಲೇ ಮುಗಿಯುವಂಥವು ಬಹಳ.

ಎರಡನೆಯದು ಅಳತೆ ಗ್ಲಾಸು. ನಿಮ್ಮ 5 ಇಂಚಿನ ಗೇಜಿನ ಬಾಯಿ 127 ಮಿ.ಮೀ. ಅಗಲ, ವಿಸ್ತೀರ್ಣ 126.7 ಚದರ ಸೆಂ.ಮೀ. 10 ಮಿ.ಮೀ. ಮಳೆಗೆ 126.7 ಮಿ.ಲೀ. ನೀರು ಸೇರುತ್ತದೆ. ಹಳೇ ಗ್ಲಾಸು ಒಡೆದು, ಯಾರೋ 100 ಚದರ ಸೆಂ.ಮೀ. ಬಾಯಿಯ ಫೈಬರ್ ಗೇಜಿನ ಗ್ಲಾಸು ತಂದಿಟ್ಟಿದ್ದರೆ ಅದೇ ನೀರು 12.67 ಮಿ.ಮೀ. ಎಂದು ಓದುತ್ತದೆ. ನೂರಕ್ಕೆ 27 ಹೆಚ್ಚು! ನಿಮ್ಮಲ್ಲಿ ಏಪ್ರಿಲ್ ಲೆಕ್ಕ ಸರಿಹೋಗಿರುವುದರಿಂದ ಗ್ಲಾಸು ಸರಿಯಾದದ್ದೇ. ಬೇರೆ ಓದುಗರು ಗ್ಲಾಸಿನ ಮೇಲೆ ಯಾವ ಬಾಯಿಗೆಂದು ಬರೆದಿದೆ ನೋಡಿಕೊಳ್ಳುವುದು ಒಳ್ಳೆಯದು.

ಮೂರನೆಯದು ತುಂಬಿ ಹರಿಯುವುದು. 104 ಮಿ.ಮೀ. ಎಂದರೆ ಆ ಗೇಜಿನಲ್ಲಿ 1,319 ಮಿ.ಲೀ. ನೀರು. ಒಳಗಿನ ಬಾಟಲಿ ಅಷ್ಟು ಹಿಡಿಯದಿದ್ದರೆ ಉಳಿದದ್ದು ಹೊರ ಡಬ್ಬಿಗೆ ಇಳಿದಿರುತ್ತದೆ. ಅದನ್ನೂ ಅಳೆದಿದ್ದಿರಿ ತಾನೇ? ಅಳೆದಿಲ್ಲವಾದರೆ ಅವತ್ತಿನ ನಿಜವಾದ ಮಳೆ ಇನ್ನೂ ಹೆಚ್ಚು. ದೊಡ್ಡ ಮಳೆಯ ದಿನ ಪುಟ್ಟ ಗ್ಲಾಸಿನಲ್ಲಿ ಐದಾರು ಸಲ ಸುರಿದು ಎಣಿಸುವಾಗ ಲೆಕ್ಕ ತಪ್ಪುವುದುಂಟು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ನೀರನ್ನು ತೂಗಿಬಿಡಿ. ಒಂದು ಗ್ರಾಂ ನೀರು ಒಂದು ಮಿ.ಲೀ. ಬಂದ ಗ್ರಾಮನ್ನು 12.67ರಿಂದ ಭಾಗಿಸಿದರೆ ಮಿ.ಮೀ. ಸಿಕ್ಕಿತು. ಮಲೆನಾಡಿನ ಜುಲೈಗೆ ಗ್ಲಾಸಿಗಿಂತ ಇದೇ ವಾಸಿ.

ಗಾಳಿ ಕದಿಯುವುದು ಹೇಗೆ

ಗಾಳಿಗೆ ಮಳೆ ಓರೆಯಾಗುತ್ತದೆ, ಅದಕ್ಕೇ ಗೇಜಿನ ಬಾಯೊಳಗೆ ಕಡಿಮೆ ಬೀಳುತ್ತದೆ ಎನ್ನುತ್ತಾರೆ. ಕೇಳಲು ಸರಿ ಅನ್ನಿಸಿದರೂ ಅದು ಕಾರಣವಲ್ಲ. ಕಣದ ಮೇಲೆ ಮಳೆ ನೇರ ಬೀಳಲಿ, ಓರೆ ಬೀಳಲಿ, ಒಂದು ಚದರ ಅಡಿಗೆ ಸೇರುವ ನೀರು ಅಷ್ಟೇ. ಇಲ್ಲಿ ಬೀಳಬೇಕಿದ್ದ ಹನಿ ಮುಂದಕ್ಕೆ ಹೋದರೆ ಹಿಂದಿನದು ಇಲ್ಲಿಗೆ ಬರುತ್ತದೆ. ಮಟ್ಟಸವಾಗಿ ಕೂತ ಗೇಜಿನ ಬಾಯಿಗೂ ಇದೇ ಲೆಕ್ಕ. ಹಾಗಾಗಿ ಗೇಜನ್ನು ಗಾಳಿಗೆ ಎದುರಾಗಿ ಓರೆ ಮಾಡಿ ಇಡುವ ಉಪಾಯ ಬೇಡ. ಓರೆ ಮಾಡಿದರೆ ಅಳತೆಯೇ ಕೆಡುತ್ತದೆ.

ಕಳ್ಳ ಇರುವುದು ಬೇರೆ ಕಡೆ. ಗೇಜೇ ಗಾಳಿಗೆ ಒಂದು ಅಡ್ಡಿ. ಡಬ್ಬಿಗೆ ಬಡಿದ ಗಾಳಿ ಮೇಲಕ್ಕೆ ಎದ್ದು, ಬಾಯಿಯ ಮೇಲೆ ವೇಗ ಹೆಚ್ಚಿಸಿಕೊಂಡು ದಾಟುತ್ತದೆ. ಇಳಿಯಬೇಕಿದ್ದ ಸಣ್ಣ ಹನಿಗಳನ್ನು ಅದು ಎತ್ತಿ ಆಚೆ ಬೀಳಿಸುತ್ತದೆ. ಭತ್ತ ತೂರುವುದನ್ನು ನೆನೆಸಿಕೊಳ್ಳಿ. ಕಾಳು ಕಾಲಡಿಗೆ ಬೀಳುತ್ತದೆ, ಹೊಟ್ಟು ದೂರ ಹೋಗುತ್ತದೆ. 2 ಮಿ.ಮೀ. ದಪ್ಪದ ಹನಿ ಸೆಕೆಂಡಿಗೆ ಸುಮಾರು 6.5 ಮೀಟರ್ ವೇಗದಲ್ಲಿ ಇಳಿಯುತ್ತದೆ, ಅದು ಕಾಳು. ಅರ್ಧ ಮಿ.ಮೀ. ಹನಿ ಸೆಕೆಂಡಿಗೆ ಸುಮಾರು 2 ಮೀಟರ್, ಅದು ಹೊಟ್ಟು. ಗುಡುಗುಮಳೆಯಲ್ಲಿ ದಪ್ಪ ಹನಿ ಹೆಚ್ಚು, ಆರಿದ್ರಾ, ಪುನರ್ವಸು ಮಳೆಯಲ್ಲಿ ದಿನವಿಡೀ ಗಾಳಿಯ ಜೊತೆ ಬರುವ ಸಣ್ಣ ಹನಿ ಹೆಚ್ಚು. ನಿಮ್ಮ ಸ್ಟೇಷನ್ ಏಪ್ರಿಲ್‌ನಲ್ಲಿ ಸಾಚಾ, ಜುಲೈನಲ್ಲಿ ಸುಳ್ಳ ಆಗಿರುವುದರ ಗುಟ್ಟು ಇದೇ.

ಇದೇನೂ ಹೊಸ ಪತ್ತೆಯಲ್ಲ. ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ 1766–67ರಲ್ಲಿ ಒಂದು ವರ್ಷ ಮೂರು ಗೇಜ್ ಇಟ್ಟು ಅಳೆದರು. ನೆಲದ ಹತ್ತಿರದ್ದರಲ್ಲಿ 22.6 ಇಂಚು, ಮನೆ ಮಾಡಿನ ಮೇಲಿನದರಲ್ಲಿ 18.1, ವೆಸ್ಟ್‌ಮಿನ್‌ಸ್ಟರ್ ಅಬೆ ಚರ್ಚಿನ ನೆತ್ತಿಯ ಮೇಲೆ 12.1. ಮಳೆ ನೆಲದ ಹತ್ತಿರ ಬಂದಂತೆ ಬೆಳೆಯುತ್ತದೇನೋ ಎಂದು ಬಹಳ ಕಾಲ ತಲೆ ಕೆಡಿಸಿಕೊಂಡರು. ಇದು ಗಾಳಿಯ ಕೆಲಸ ಎಂದು 1861ರಲ್ಲಿ ಬಿಡಿಸಿ ಹೇಳಿದವರು ಮುಂದೆ ಅರ್ಥಶಾಸ್ತ್ರಜ್ಞರಾಗಿ ಹೆಸರಾದ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್.

ತಾರಸಿಯ ಮೇಲೆ ಎರಡು ಏಟು ಒಟ್ಟಿಗೆ ಬೀಳುತ್ತವೆ. ಎತ್ತರ ಹೋದಷ್ಟೂ ಗಾಳಿ ಜೋರು. ಗಿಡ್ಡ ಹುಲ್ಲಿನ ಬಯಲಲ್ಲಿ 10 ಮೀಟರ್ ಎತ್ತರದಲ್ಲಿ ಗಂಟೆಗೆ 30 ಕಿ.ಮೀ. ಇದ್ದರೆ 2 ಮೀಟರಿನಲ್ಲಿ ಸುಮಾರು 22, ನೆಲದಿಂದ 30 ಸೆಂ.ಮೀ.ನಲ್ಲಿ ಸುಮಾರು 12. ಇದರ ಜೊತೆಗೆ ಮನೆಯ ಗೋಡೆಗೆ ಬಡಿದ ಗಾಳಿ ಮೇಲೆದ್ದು ತಾರಸಿಯ ಅಂಚಿನಲ್ಲಿ ಚಿಮ್ಮುತ್ತದೆ. ಮನೆಯೇ ಒಂದು ದೊಡ್ಡ ಗೇಜಿನ ಹಾಗೆ ವರ್ತಿಸುತ್ತದೆ. ಬಯಲಲ್ಲಿ ಸರಿಯಾಗಿ ಕೂರಿಸಿದ ಗೇಜಿಗೆ ಗಾಳಿಯಿಂದ ಆಗುವ ನಷ್ಟ ಸಾಮಾನ್ಯವಾಗಿ ನೂರಕ್ಕೆ 2ರಿಂದ 10. ನಿಮ್ಮ ಹಳೇ ಗೇಜೂ ಜುಲೈನಲ್ಲಿ ಸ್ವಲ್ಪ ಕಳೆದುಕೊಳ್ಳುತ್ತಿರುತ್ತದೆ ಎಂಬುದು ನೆನಪಿರಲಿ.

1.2ರಿಂದ ಗುಣಿಸಬೇಡಿ ಎಂದದ್ದು ಇದಕ್ಕೇ. ನಷ್ಟ ಗಾಳಿಯ ವೇಗಕ್ಕೆ ತಕ್ಕಂತೆ, ಹನಿಯ ಗಾತ್ರಕ್ಕೆ ತಕ್ಕಂತೆ ಗಂಟೆಗೊಂದು ರೀತಿ ಬದಲಾಗುತ್ತದೆ. 1.2 ಹಾಕಿದರೆ ಜುಲೈ ಲೆಕ್ಕ ಸರಿಯಾದಂತೆ ಕಂಡು, ನಿಮಗೆ ನಿಜವಾಗಿ ಬೇಕಾದ ಹೂಮಳೆಯ ಲೆಕ್ಕ ಕೆಡುತ್ತದೆ. 21 ಮಿ.ಮೀ. ಬಿದ್ದದ್ದು 25 ಆಗಿ, ಒಂದು ಇಂಚು ಆಯಿತೆಂದು ಸ್ಪ್ರಿಂಕ್ಲರ್ ನಿಲ್ಲಿಸಿದರೆ ರೊಬಸ್ಟಾ ಗಿಡಕ್ಕೆ ಯಾರು ಉತ್ತರ ಹೇಳುವುದು?

ಎಲ್ಲಿ, ಎಷ್ಟು ಎತ್ತರ

ನಿಯಮ ಸರಳ. ಮರವೋ ಮನೆಯೋ ಗೇಜಿನ ಬಾಯಿಗಿಂತ ಎಷ್ಟು ಎತ್ತರವಿದೆಯೋ ಅದರ ಎರಡರಷ್ಟು ದೂರವಾದರೂ ಗೇಜ್ ಇರಬೇಕು. ಆಚರಣೆ ಸರಳವಲ್ಲ. 80 ಅಡಿಯ ಸಿಲ್ವರ್ ಓಕ್‌ನಿಂದ 160 ಅಡಿ ದೂರ ಹೋದರೆ ಇನ್ನೊಂದು ಸಿಲ್ವರ್ ಓಕ್ ಬುಡಕ್ಕೆ ಬಂದಿರುತ್ತೀರಿ. ತೋಟದಲ್ಲಿ ಅಂಥ ಬಯಲು ಇರುವುದು ಕಣದ ಸುತ್ತ ಮಾತ್ರ, ತಪ್ಪಿದರೆ ಕೆರೆ ದಂಡೆ ಅಥವಾ ಗದ್ದೆ ಬಯಲು. ಮೊಬೈಲಿನ ಕೋನ ಅಳೆಯುವ ಆಪ್ ತೆರೆದು, ಗೇಜ್ ಕೂರುವ ಎತ್ತರದಿಂದ ಸುತ್ತಲಿನ ಮರದ ತುದಿಗಳಿಗೆ ಗುರಿಯಿಡಿ. 27 ಡಿಗ್ರಿ ದಾಟದಿದ್ದರೆ ಎರಡರಷ್ಟು ದೂರದ ನಿಯಮ ಪಾಲಿಸಿದಂತೆಯೇ. ಒಂದು ಮೂಲೆಯಲ್ಲಿ ಒಂದೇ ಮರ 35 ಡಿಗ್ರಿಗೆ ಬಂದರೆ ಪೂರ್ವ ದಿಕ್ಕಿನಲ್ಲಿದ್ದರೆ ಸಹಿಸಿಕೊಳ್ಳಬಹುದು, ನೈರುತ್ಯ ಮತ್ತು ಪಶ್ಚಿಮದಲ್ಲಿದ್ದರೆ ಬೇಡ. ಮುಂಗಾರಿನ ಮಳೆ ಆ ಕಡೆಯಿಂದಲೇ ಬರುತ್ತದೆ, ಮರ ಅದನ್ನು ತಡೆಯುತ್ತದೆ.

ಮರಗಳಿಂದ ದೂರ ಹೋಗಬೇಕೆಂದು ಬೋಳು ಗುಡ್ಡದ ನೆತ್ತಿಗೂ ಹೋಗಬೇಡಿ. ಸುತ್ತ ಎಲ್ಲ ಕಡೆ ಒಂದೇ ಸಮ ಮರೆ ಇದ್ದು, ಆ ಮರೆ ಅದರ ಎತ್ತರದ ಎರಡರಿಂದ ನಾಲ್ಕರಷ್ಟು ದೂರದಲ್ಲಿದ್ದರೆ ಮಳೆ ಅಳೆಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಗಾಳಿ ತಗ್ಗಿರುತ್ತದೆ, ಮಳೆ ತಡೆಯುವುದೂ ಇಲ್ಲ. ಇಳಿಜಾರಿನ ಅಂಚು, ಕಡಿದ ಬರೆಯ ತುದಿ, ಸುತ್ತ ಪೊಳ್ಳಾದ ದಿಬ್ಬ ಬೇಡ, ಅಲ್ಲಿ ಗಾಳಿ ಕೆಳಗಿನಿಂದ ಮೇಲಕ್ಕೆ ಏಳುತ್ತದೆ.

ಎತ್ತರ: ನಮ್ಮ ದೇಶದ ರೂಢಿಯಲ್ಲಿ ಗೇಜಿನ ಬಾಯಿ ನೆಲದಿಂದ 30 ಸೆಂ.ಮೀ. ನಿಮ್ಮ ಹಳೇ ಗೇಜಿನದ್ದೂ ಅಷ್ಟೇ ಇದ್ದೀತು. ಬಕೆಟ್ಟಿಗೂ ಅಷ್ಟೇ ಇಡುವುದು ಉತ್ತಮ, ಆಗಲೇ ಎರಡನ್ನೂ ಹೋಲಿಸಬಹುದು. ಕಷ್ಟ ಒಂದಿದೆ. ಜೂನ್‌ನಲ್ಲಿ ಹದಿನೈದು ದಿನ ಬಿಟ್ಟರೆ ಹುಲ್ಲು ಬಾಯಿ ಮುಟ್ಟುತ್ತದೆ. ಸುತ್ತ ಒಂದು ಮೀಟರಿನಷ್ಟು ಹುಲ್ಲನ್ನು ಕತ್ತರಿಸಿಕೊಂಡಿರುವವರು ಯಾರೂ ಇಲ್ಲವಾದರೆ 50 ಸೆಂ.ಮೀ.ಗೆ ಏರಿಸಿ. ಅದರಿಂದಾಗುವ ನಷ್ಟ ಹುಲ್ಲು ಮುಚ್ಚಿಕೊಳ್ಳುವುದರಿಂದ ಆಗುವ ನಷ್ಟಕ್ಕಿಂತ ಕಡಿಮೆ. ಕಣದ ಸಿಮೆಂಟಿನ ಮೇಲಂತೂ ಇಡಲೇಬೇಡಿ. ದಪ್ಪ ಹನಿ ಗಟ್ಟಿ ನೆಲಕ್ಕೆ ಬಡಿದು ಸಿಡಿದ ನೀರು 30 ಸೆಂ.ಮೀ. ಎತ್ತರದ ಬಾಯಿಯನ್ನೂ ಮುಟ್ಟುತ್ತದೆ. ಹುಲ್ಲು, ಇಲ್ಲವೇ ಸಣ್ಣ ಜಲ್ಲಿ ಹರಡಿದ ನೆಲವಾಗಬೇಕು.

ಇನ್ನು ಯಂತ್ರ. ಎಲ್ಲವೂ ಒಂದೇ ತಲೆಯಲ್ಲಿರುವ ಸ್ಟೇಷನ್ನಿನ ಹುಟ್ಟುದೋಷವೇ ಇದು. ಗಾಳಿ ಸೆನ್ಸರಿಗೆ ಎತ್ತರ ಬೇಕು, ಮಳೆ ಬಕೆಟ್ಟಿಗೆ ನೆಲ ಬೇಕು. ಎರಡಕ್ಕೂ ಹೊಂದುವ ಎತ್ತರ ಇಲ್ಲ. ಹೆಚ್ಚಿನ ಕಂಪನಿಗಳು ಅದೇ ಪರದೆಗೆ ಸೇರುವ ಬಿಡಿ ಮಳೆ ಬಕೆಟ್ ಮಾರುತ್ತವೆ. ಇರುವುದನ್ನು ಕತ್ತರಿಸಲು ಹೋಗದೆ ಅದನ್ನೊಂದು ಕೊಳ್ಳಿ. ಬಕೆಟ್ಟೇ ಇಲ್ಲದ, ಮುಚ್ಚಳದ ಮೇಲೆ ಬೀಳುವ ಹನಿಯ ಪೆಟ್ಟನ್ನು ಎಣಿಸುವ ಮಾದರಿಗಳೂ ಬಂದಿವೆ. ಕಸ ಕಟ್ಟಿಕೊಳ್ಳುವುದಿಲ್ಲ ಎಂಬುದು ಅವುಗಳ ಗುಣ, ಸೋನೆ ಮಳೆಯ ಸಣ್ಣ ಹನಿಯ ಪೆಟ್ಟು ಅವಕ್ಕೆ ಸರಿಯಾಗಿ ಗೊತ್ತಾಗುವುದಿಲ್ಲ ಎಂಬುದು ದೋಷ. ಮಲೆನಾಡಿಗೆ ಬಕೆಟ್ಟೇ ಇರಲಿ.

ಕೂರಿಸಲು ಒಂದೂಕಾಲು ಇಂಚಿನ ಜಿಐ ಪೈಪು ಸಾಕು. 45 ಸೆಂ.ಮೀ. ಮಣ್ಣೊಳಗೆ, ಬುಡಕ್ಕೆ ಒಂದು ಪುಟ್ಟಿ ಕಾಂಕ್ರೀಟು. ಬಕೆಟ್ಟಿನ ಡಬ್ಬಿಯೇ 20–25 ಸೆಂ.ಮೀ. ಇದ್ದರೆ ಪೈಪು ನೆಲದ ಮೇಲೆ ಬೆರಳೆಣಿಕೆಯಷ್ಟೇ ಕಾಣುತ್ತದೆ, ಅಂಥಲ್ಲಿ ಪೈಪಿನ ಬದಲು ಹೂತ ಸೈಜುಗಲ್ಲಿನ ಮೇಲೆ ಬೋಲ್ಟು ಹಾಕಿದರೂ ಆಗುತ್ತದೆ. ಡಬ್ಬಿಯ ತಳದ ನೀರು ಹೊರಹೋಗುವ ತೂತುಗಳು ಮಾತ್ರ ಮುಚ್ಚಿಹೋಗಬಾರದು. ಸ್ಪಿರಿಟ್ ಲೆವೆಲ್ಲನ್ನು ಎರಡು ದಿಕ್ಕಿಗೂ ಇಟ್ಟು ಮಟ್ಟ ನೋಡಿ. ಕಾಂಕ್ರೀಟು ಒಣಗಿದ ಮೇಲೆ ಇನ್ನೊಮ್ಮೆ, ಮೊದಲ ದೊಡ್ಡ ಮಳೆಗೆ ಮಣ್ಣು ಕುಸಿದ ಮೇಲೆ ಮತ್ತೊಮ್ಮೆ. ಒಂದು ಕಡೆ ವಾಲಿದರೆ ಒಳಗಿನ ಎರಡು ಚಮಚಗಳಲ್ಲಿ ಒಂದು ಬೇಗ, ಇನ್ನೊಂದು ತಡವಾಗಿ ಮಗುಚುತ್ತದೆ. ನೆಲಮಟ್ಟದಿಂದ ರೇಡಿಯೋ ಸಿಗ್ನಲ್ಲು ದೂರ ಹೋಗುವುದಿಲ್ಲ, ನೆನೆದ ಕಾಫಿ ಗಿಡ ಅದನ್ನು ಇನ್ನಷ್ಟು ನುಂಗುತ್ತದೆ. ಪರದೆಯನ್ನು ಆ ಕಡೆಯ ಕಿಟಕಿಗೆ ತನ್ನಿ. ದನ, ಕಾಡುಹಂದಿಗೆ ಬೇಲಿ ಬೇಕಾದರೆ ಮೂರು ಎಳೆ ತಂತಿ ಹಾಕಿ. ಗೇಜಿನ ಪಕ್ಕಕ್ಕೇ ತಗಡಿನ ಮರೆ ಕಟ್ಟಬೇಡಿ.

ಗಾಳಿಯ ಬಾಯಲ್ಲೇ ಇಡಬೇಕಾದವರಿಗೆ

ಚಾರ್ಮಾಡಿ ಘಾಟಿಯ ನೆತ್ತಿ, ಸಕಲೇಶಪುರದ ಬಿಸಿಲೆ ಕಡೆಯ ಗುಡ್ಡಗಳು, ಬಾಬಾಬುಡನ್ ಗಿರಿಯ ಸೆರಗು. ಇಂಥ ಕಡೆ ಮರೆಯೆಂಬುದೇ ಇಲ್ಲ. ಅಲ್ಲಿ 30 ಸೆಂ.ಮೀ. ಎತ್ತರದಲ್ಲೂ ಗಾಳಿ ಬಿಡುವುದಿಲ್ಲ. ಚಳಿ ದೇಶಗಳಲ್ಲಿ ಗೇಜಿನ ಸುತ್ತ ಜೋಲುವ ತಗಡಿನ ಪಟ್ಟಿಗಳ ಬಳೆ ಕಟ್ಟುತ್ತಾರೆ, ಅದು ಮುಖ್ಯವಾಗಿ ಹಿಮಕ್ಕಾಗಿ ಹುಟ್ಟಿದ್ದು. ನಮ್ಮ ಮಳೆಗೆ ದುಡ್ಡು ದಂಡ. ಬ್ರಿಟನ್ನಿನ ಗಾಳಿ ಗುಡ್ಡಗಳಲ್ಲಿ ಬಳಸುವ ಹುಲ್ಲುದಿಂಡಿನ ಉಪಾಯ ನಮಗೆ ಚೆನ್ನಾಗಿ ಒಗ್ಗುತ್ತದೆ.

ಗೇಜನ್ನು ನಡುವೆ ಇಟ್ಟು 1.5 ಮೀಟರ್ ಹಗ್ಗದಿಂದ ಸುತ್ತ ವೃತ್ತ ಗೀಚಿ. ಆ ಗೆರೆಯ ಹೊರಗೆ 30 ಸೆಂ.ಮೀ. ಎತ್ತರದ ಮಣ್ಣಿನ ದಿಂಡು. ಅದರ ತಲೆ ಗೇಜಿನ ಬಾಯಿಗೆ ಸರಿಸಮ ಇರಬೇಕು, ಹೆಚ್ಚೂ ಬೇಡ, ಕಡಿಮೆಯೂ ಬೇಡ. ಒಳಮುಖ ನೆಟ್ಟಗೆ, ತಲೆಯ ಅಗಲ 15 ಸೆಂ.ಮೀ., ಹೊರಮುಖ ಒಂದಕ್ಕೆ ನಾಲ್ಕರ ಇಳಿಜಾರು, ಅಂದರೆ 30 ಸೆಂ.ಮೀ. ಇಳಿಯಲು 1.2 ಮೀಟರ್. ಸುಮಾರು ಮೂರು ಘನ ಮೀಟರ್ ಮಣ್ಣು, ಹೆಚ್ಚುಕಡಿಮೆ ಒಂದು ಟ್ರ್ಯಾಕ್ಟರ್ ಲೋಡು. ಒಳಗೋಡೆಗೆ ಕಲ್ಲು ಕಟ್ಟಿ ಮೇಲೆ ಹುಲ್ಲು ಹೆಪ್ಪು ಹೊದಿಸಿದರೆ ಜೂನ್ ಮಳೆಗೆ ಕರಗುವುದಿಲ್ಲ. ಇಳಿಜಾರಿನ ಮೇಲೆ ಗಾಳಿ ಸಲೀಸಾಗಿ ಏರಿ ಗೇಜಿನ ಬಾಯಿಯ ಮಟ್ಟದಲ್ಲೇ ದಾಟಿಹೋಗುತ್ತದೆ, ಡಬ್ಬಿಗೆ ಬಡಿದು ಏಳುವುದಿಲ್ಲ.

ಬ್ರಿಟನ್ನಿನವರಿಗಿಂತ ನಮಗೆ ಹೆಚ್ಚಾಗಿ ಬೇಕಾದದ್ದು ನೀರಿನ ದಾರಿ. ಒಳಗಿನ ನೆಲ 7 ಚದರ ಮೀಟರ್. 100 ಮಿ.ಮೀ. ಮಳೆಗೆ 700 ಲೀಟರು ಅಲ್ಲೇ ನಿಲ್ಲುತ್ತದೆ, ಎರಡು ದಿನ ಬಿಟ್ಟರೆ ಗೇಜ್ ಕೆರೆಯ ನಡುವಿನ ಕಂಬವಾಗುತ್ತದೆ. ತಗ್ಗಿನ ಕಡೆ ದಿಂಡಿನ ಬುಡದಲ್ಲಿ 4 ಇಂಚಿನ ಪಿವಿಸಿ ಪೈಪು ಹೂಳಿ, ಒಳಬಾಯಿಗೆ ಜಾಲರಿ ಕಟ್ಟಿ. 2 ಇಂಚಿನದ್ದು ಎಲೆಗೇ ಮುಚ್ಚಿಕೊಳ್ಳುತ್ತದೆ.

ಬಕೆಟ್ಟಿನ ಪರೀಕ್ಷೆ

ಕೂರಿಸಿದ ಮೇಲೆ, ಮತ್ತೆ ಪ್ರತಿ ವರ್ಷ ಹೂಮಳೆಗೆ ಮುಂಚೆ, ಬಕೆಟ್ಟಿಗೆ ಗೊತ್ತಿರುವಷ್ಟು ನೀರು ಕುಡಿಸಿ ನೋಡಬೇಕು. ಮೊದಲು ಬಾಯಿಯ ಒಳ ಅಗಲವನ್ನು ಸೆಂ.ಮೀ.ನಲ್ಲಿ ಅಳೆಯಿರಿ. 16.5 ಸೆಂ.ಮೀ. ಎಂದಿಟ್ಟುಕೊಳ್ಳಿ, ವಿಸ್ತೀರ್ಣ 214 ಚದರ ಸೆಂ.ಮೀ. ಸುರಿದ ಮಿ.ಲೀ.ಯನ್ನು ಹತ್ತರಿಂದ ಗುಣಿಸಿ ವಿಸ್ತೀರ್ಣದಿಂದ ಭಾಗಿಸಿದರೆ ಮಿ.ಮೀ. ಅರ್ಧ ಲೀಟರ್ ನೀರಿಗೆ 23.4 ಮಿ.ಮೀ. ಬರಬೇಕು. ಒಂದು ಮಗುಚಿಗೆ 0.2 ಮಿ.ಮೀ. ಆದರೆ 117 ಮಗುಚು.

ಒಂದು ಲೀಟರಿನ ನೀರಿನ ಬಾಟಲಿಯ ಮುಚ್ಚಳಕ್ಕೆ ಕಾಯಿಸಿದ ಸೂಜಿಯಿಂದ ಒಂದು ತೂತು, ಗಾಳಿಯಾಡಲು ತಳಕ್ಕೊಂದು. 500 ಗ್ರಾಂ ನೀರು ತೂಗಿಟ್ಟುಕೊಳ್ಳಿ. ಶುರುವಿಗೆ ಬೇರೆ ನೀರು ಹಾಕಿ ಬಾಯಿ, ಕೊಳವೆ, ಚಮಚ ಎಲ್ಲ ನೆನೆಸಿ. ಒಣಗಿದ ಮೈ ಸ್ವಲ್ಪ ನೀರು ಹಿಡಿದುಕೊಳ್ಳುತ್ತದೆ. ಒಂದು ಸಲ ಮಗುಚಿದ ಕೂಡಲೇ ಪರದೆಯ ಲೆಕ್ಕ ಬರೆದುಕೊಂಡು ಬಾಟಲಿ ತಲೆಕೆಳಗು ಮಾಡಿ ತೂಗುಹಾಕಿ. ಮುಕ್ಕಾಲರಿಂದ ಒಂದು ಗಂಟೆ ಹಿಡಿಯಬೇಕು. ಅವಸರಕ್ಕೆ ಚೊಂಬಿನಲ್ಲಿ ಸುರಿದರೆ ಪರೀಕ್ಷೆ ವ್ಯರ್ಥ. ಚಮಚ ಮಗುಚಲು ಅರ್ಧ ಸೆಕೆಂಡಿನಷ್ಟು ಬೇಕು, ಆ ಹೊತ್ತಿನಲ್ಲಿ ಸುರಿದ ನೀರು ಆಗಲೇ ತುಂಬಿದ ಚಮಚಕ್ಕೆ ಬಿದ್ದು ಲೆಕ್ಕ ತಪ್ಪುತ್ತದೆ. ಗಂಟೆಗೆ 100 ಮಿ.ಮೀ. ಬಿರುಸಿನ ಮಳೆಯಲ್ಲಿ 7.2 ಸೆಕೆಂಡಿಗೊಮ್ಮೆ ಮಗುಚಬೇಕಾಗಿ, ನೂರಕ್ಕೆ ಮೂರು ನಾಲ್ಕು ಹೀಗೆ ಸೋರಿಹೋಗುತ್ತದೆ. ಏಪ್ರಿಲ್‌ನಲ್ಲಿ ನಿಮಗಾದ ಮೂರರ ಕೊರತೆಗೆ ಇದೂ ಒಂದು ಪಾಲುದಾರ ಇರಬಹುದು.

114ರಿಂದ 120 ಮಗುಚು ಬಂದರೆ ಕೈ ಹಾಕಬೇಡಿ. 110 ಬಂತೆನ್ನಿ, ಮೊದಲು ಮಟ್ಟ ನೋಡಿ, ಚಮಚಕ್ಕೆ ಕಟ್ಟಿದ ಪಾಚಿಯನ್ನು ಮೆತ್ತನೆ ಬ್ರಷ್ಷಿನಿಂದ ತೊಳೆದು ಇನ್ನೊಮ್ಮೆ ಮಾಡಿ. ಆಮೇಲೂ 110 ಆದರೆ ಸ್ಟೇಷನ್ನಿನ ಸೆಟ್ಟಿಂಗಿನಲ್ಲಿ ಮಳೆಯ ಗುಣಕ 1.06 ಹಾಕಿ. ಗುಣಿಸುವುದಕ್ಕೆ ಜಾಗ ಇರುವುದು ಇಲ್ಲಿ, ಏಕೆಂದರೆ ಈ ತಪ್ಪು ಗಾಳಿಯಿದ್ದರೂ ಇಲ್ಲದಿದ್ದರೂ ಒಂದೇ. ಸೆಟ್ಟಿಂಗ್ ಇಲ್ಲದ ಯಂತ್ರದಲ್ಲಿ ಚಮಚದ ಕೆಳಗಿನ ಎರಡು ಸ್ಕ್ರೂಗಳನ್ನು ಸಮಸಮವಾಗಿ ಕಾಲು ಸುತ್ತು ಏರಿಸಿ. ಏರಿಸಿದರೆ ಕಡಿಮೆ ನೀರಿಗೇ ಮಗುಚುತ್ತದೆ, ಎಣಿಕೆ ಹೆಚ್ಚುತ್ತದೆ. ಪರೀಕ್ಷೆಯ 23 ಮಿ.ಮೀ.ಯನ್ನು ಆ ದಿನದ ಲೆಕ್ಕದಿಂದ ತೆಗೆಯುವುದು ಮರೆಯಬೇಡಿ, ಮಾರ್ಚ್‌ನಲ್ಲಿ ಸುಳ್ಳು ಹೂಮಳೆ ದಾಖಲಾದೀತು.

ಗಾಳಿಯ ತಪ್ಪಿನಂತೆಯೇ ಕಾಣುವ ಬೇರೆ ತಪ್ಪುಗಳು

ಕೊಳವೆ ಕಟ್ಟಿಕೊಳ್ಳುವುದು ಇವುಗಳಲ್ಲಿ ದೊಡ್ಡದು. ಸಿಲ್ವರ್ ಓಕ್ ಎಲೆಯ ಸೀಳು, ಜೇಡರ ಬಲೆ, ಹಕ್ಕಿ ಹಿಕ್ಕೆ, ಕುಂಬಾರ ಹುಳ ಕಟ್ಟಿದ ಮಣ್ಣಿನ ಗೂಡು ಯಾವುದಾದರೂ ಸಾಕು. ಪೂರ್ತಿ ಕಟ್ಟಿಕೊಂಡರೆ ಸೊನ್ನೆ ಬರುತ್ತದೆ, ಗೊತ್ತಾಗುತ್ತದೆ. ಅರೆಬರೆ ಕಟ್ಟಿಕೊಂಡದ್ದೇ ಮೋಸ ಮಾಡುವುದು. ಸಂಜೆ ನಾಲ್ಕಕ್ಕೆ ಮಳೆ ನಿಂತಿದೆ, ಆದರೆ ಪರದೆಯಲ್ಲಿ ರಾತ್ರಿ ಹನ್ನೊಂದರವರೆಗೂ ಐದು ನಿಮಿಷಕ್ಕೊಮ್ಮೆ 0.2, 0.2, 0.2 ಎಂದು ಗೆರೆ ಎಳೆದಂತೆ ಏರುತ್ತಲೇ ಇರುತ್ತದೆ. ಯಾವ ಮಳೆಯೂ ಅಷ್ಟು ಒಂದೇ ಸಮ ಬೀಳುವುದಿಲ್ಲ. ಬಾಯಲ್ಲಿ ನಿಂತ ನೀರು ಜಿನುಗುತ್ತಿದೆ ಎಂದೇ ಅರ್ಥ. ಗಾಳಿ ಬೀಸಿದಾಗ ಆ ನಿಂತ ನೀರು ತುಳುಕಿ ಹೊರಗೂ ಹೋಗುತ್ತದೆ. ಮಾರ್ಚ್ ಮೊದಲ ವಾರ ಒಮ್ಮೆ, ಮೇ ಕೊನೆಗೊಮ್ಮೆ ಬಿಚ್ಚಿ ತೊಳೆಯಿರಿ. ಮುಂಗಾರು ಹಿಡಿದ ಮೇಲೆ ಮಳೆ ನಕ್ಷತ್ರ ಬದಲಾದಾಗೊಮ್ಮೆ ಕೊಳವೆ ನೋಡುವ ರೂಢಿ ಮಾಡಿಕೊಳ್ಳಿ, ಹದಿಮೂರು ಹದಿನಾಲ್ಕು ದಿನಕ್ಕೊಮ್ಮೆ ತಾನಾಗಿ ಆಗುತ್ತದೆ.

ಕಂಬದ ಮೇಲಿನ ಬಕೆಟ್ ಗಾಳಿಗೆ ಅಲುಗಾಡಿ, ನೀರಿಲ್ಲದಿದ್ದರೂ ಮಗುಚುವುದುಂಟು. ಮಳೆಯಿಲ್ಲದ ದಿನ ಗಾಳಿ ಬೀಸಿದಾಗ 0.2, 0.4 ಬಂದರೆ ಇದೇ. ಗಾಳಿಯಿಲ್ಲದ ಚಳಿಗಾಲದ ಬೆಳಿಗ್ಗೆ ಒಂದೇ ಒಂದು ಮಗುಚು ಬಂದರೆ ಅದು ಇಬ್ಬನಿ. ಫೆಬ್ರವರಿ, ಮಾರ್ಚ್‌ನಲ್ಲಿ ಬಿಸಿಲಿನ ನಡುವೆ 6 ಮಿ.ಮೀ. ಬಂದಿದ್ದರೆ ಪಕ್ಕದ ಪಟ್ಟೆಯಲ್ಲಿ ಸ್ಪ್ರಿಂಕ್ಲರ್ ಓಡಿತ್ತೇ ಎಂದು ಕೇಳಿ.

ಪಕ್ಕದ ತೋಟದ ಲೆಕ್ಕಕ್ಕೋ, ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಪಂಚಾಯಿತಿ ಮಾಪಕಕ್ಕೋ ಹೋಲಿಸಿ ಸ್ಕ್ರೂ ತಿರುಗಿಸಬೇಡಿ. ಘಟ್ಟದಂಚಿನಲ್ಲಿ ಎರಡು ಮೂರು ಕಿ.ಮೀ.ಗೇ ಮಳೆ ಬದಲಾಗುತ್ತದೆ. ಹೋಲಿಕೆ ಏನಿದ್ದರೂ ನಿಮ್ಮ ಕಣದ ಪಕ್ಕದ ತಾಮ್ರದ ಗೇಜಿನ ಜೊತೆಗೆ, ಅದರಿಂದ ಎರಡು ಮೂರು ಮೀಟರ್ ದೂರದಲ್ಲಿ ಹೊಸ ಬಕೆಟ್ ಇಟ್ಟು. ಮಳೆ ಪುಸ್ತಕದಲ್ಲಿ ಗಾಳಿಯ ಸರಾಸರಿ ವೇಗಕ್ಕೂ ಒಂದು ಕಾಲಂ ಹಾಕಿ. ಮುಂಗಾರು ಮುಗಿದ ಮೇಲೆ ಗಾಳಿ ಜೋರಿದ್ದ ದಿನಗಳನ್ನು, ಇಲ್ಲದ ದಿನಗಳನ್ನು ಬೇರೆಬೇರೆ ಕೂಡಿ ಸ್ಟೇಷನ್ನಿನ ಒಟ್ಟನ್ನು ಗೇಜಿನ ಒಟ್ಟಿನಿಂದ ಭಾಗಿಸಿ. ಎರಡೂ ಗುಂಪಿನಲ್ಲಿ ಒಂದೇ ಉತ್ತರ ಬಂದರೆ ಉಳಿದಿರುವುದು ಬಕೆಟ್ಟಿನ ಅಳತೆಯ ತಪ್ಪು, ಗುಣಕ ಬದಲಿಸಿ. ಗಾಳಿಯ ದಿನಗಳಲ್ಲಿ ಮಾತ್ರ ಕಡಿಮೆ ಬಂದರೆ ಜಾಗ ಇನ್ನೂ ಸರಿಯಾಗಿಲ್ಲ.

ತಾರಸಿಯ ಎರಡು ವರ್ಷದ ದಾಖಲೆಯನ್ನು ಎಸೆಯಬೇಕಿಲ್ಲ. ದಿನದ ಒಟ್ಟು ಮಳೆಗೆ ತಾಮ್ರದ ಗೇಜು, ಅದು ಯಾವ ಹೊತ್ತಿನಲ್ಲಿ ಬಿತ್ತೆಂಬುದಕ್ಕೆ ಸ್ಟೇಷನ್ನು, ಹೀಗೆ ಪಾಲು ಮಾಡಿಕೊಳ್ಳಿ. ಆ ಜುಲೈ ದಿನದ 86 ಮಿ.ಮೀ.ಯಲ್ಲಿ 30 ಮಿ.ಮೀ. ರಾತ್ರಿ ಎರಡರಿಂದ ಆರರೊಳಗೆ ಬಿದ್ದಿತ್ತೆನ್ನಿ. 30ನ್ನು 86ರಿಂದ ಭಾಗಿಸಿ 104.1ರಿಂದ ಗುಣಿಸಿದರೆ ಆ ನಾಲ್ಕು ಗಂಟೆಯ ಮಳೆ ಸುಮಾರು 36 ಮಿ.ಮೀ. ಗಾಳಿ ಹೆಚ್ಚಿದ್ದ ಗಂಟೆಗೆ ಇದೂ ತುಸು ಕಡಿಮೆಯೇ ತೋರಿಸುತ್ತದೆ, ಆದರೆ ದಿನದ ಮೊತ್ತ ಕೆಡುವುದಿಲ್ಲ. ತಂದೆಯವರ ಪುಸ್ತಕದ ಹಳೇ ಲೆಕ್ಕಕ್ಕೆ ಮಾತ್ರ ಯಾವ ತಿದ್ದುಪಡಿಯನ್ನೂ ಹಾಕಬೇಡಿ. ಅದೇ ಗೇಜು, ಅದೇ ಜಾಗ, ಅದೇ ಎತ್ತರ ಇದ್ದರೆ ಆ ವರ್ಷಗಳನ್ನು ಈ ವರ್ಷದ ಜೊತೆ ಹಾಗೆಯೇ ಹೋಲಿಸಬಹುದು. ಬಕೆಟ್ಟನ್ನು ಇಳಿಸಿದ ದಿನ ಪುಸ್ತಕದಲ್ಲಿ ಕೆಂಪು ಗೆರೆ ಎಳೆದು, ತಾರೀಕು, ಬಾಯಿಯ ಎತ್ತರ, ಅಗಲ ಮೂರನ್ನೂ ಬರೆದಿಡಿ.